ಮನಸ್ಸಿನ ಬ್ಯಾನಿ ಇಲ್ಲದ ಓಣಿ ಯಾವುದು?

ಹಳೇ ಹುಬ್ಬಳ್ಳಿಯ ನೂರಜಹಾನ ನದಾಫ ಅಂದು ಬೆಳಿಗ್ಗೆ ಓಣಿಯ ತುದಿಯಿಂದ ಮನೆಯವರೆಗೆ ಹೆಚ್ಚುಕಡಿಮೆ ಓಡುತ್ತಲೇ ಬಂದಳು. ಕೊರಳಲ್ಲಿ ಹೊಸ ಐಡಿ ಕಾರ್ಡ್ ತೂಗುತ್ತಿತ್ತು. ಅದರಲ್ಲಿ ಅವಳ ಫೋಟೊ, ಫೋಟೊದ ಕೆಳಗೆ ‘ಸಮೀಕ್ಷಾ ಕಾರ್ಯಕರ್ತೆ’ ಎಂಬ ದಪ್ಪ ಅಕ್ಷರ. ಮೂವತ್ತೊಂಬತ್ತು ವರ್ಷದಲ್ಲಿ ಅವಳ ಹೆಸರಿನ ಜೊತೆ ಇಂಥದೊಂದು ಪದವಿ ಸೇರಿದ್ದು ಇದೇ ಮೊದಲು. ಸ್ವಸಹಾಯ ಸಂಘದ ಹನ್ನೆರಡು ಮಂದಿಯಲ್ಲಿ ಅವಳೊಬ್ಬಳೇ ಆಯ್ಕೆಯಾಗಿದ್ದಳು.

ಎದುರುಮನೆಯವರಿಗೆ ತೋರಿಸಿದಳು. ಹಾಲು ಹಾಕುವವನಿಗೆ ತೋರಿಸಿದಳು. ಕಾಲೇಜಿಗೆ ಹೊರಟಿದ್ದ ಮಗಳು ಉಜ್ಮಾಳನ್ನು ನಿಲ್ಲಿಸಿ ಅವಳ ಕೊರಳಿಗೂ ಹಾಕಿ ನೋಡಿದಳು. ಆಮೇಲೆ ಮನೆಗೆ ಹೊಂದಿಕೊಂಡಿದ್ದ ಗಾದಿ ಅಂಗಡಿಗೆ ಹೋಗಿ ಗಂಡನ ಮುಂದೆ ನಿಂತಳು.

ಬಾಬುಸಾಬ ಅರ್ಧ ತುಂಬಿದ ಗಾದಿಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಹತ್ತಿ ಹಿಂಜುವ ಯಂತ್ರದ ಮೇಲೆ ಧೂಳು ಕೂತಿತ್ತು. ಸುದ್ದಿ ಕೇಳಿ “ಛಲೋ ಆತು” ಎಂದ. ತಿರುಗಿ ನೋಡಲಿಲ್ಲ.

ಓಣಿಗೆಲ್ಲ ಗೊತ್ತಿದ್ದ ಬಾಬುಸಾಬ ಇವನಲ್ಲ. ಅವನು ತುಂಬಿದ ಗಾದಿಯಲ್ಲಿ ಹತ್ತು ವರ್ಷ ಮಲಗಿದರೂ ಗಂಟು ಸಿಗುತ್ತಿರಲಿಲ್ಲ. ಹತ್ತಿ ಹಿಂಜುತ್ತ, ಮೂಗಿನ ಮೇಲೆಲ್ಲ ಹತ್ತಿ ಮೆತ್ತಿಕೊಂಡು, ಬಂದವರನ್ನೆಲ್ಲ ನಗಿಸುತ್ತಿದ್ದ. ನಾಲ್ಕು ತಿಂಗಳಿಂದ ಅದೆಲ್ಲ ನಿಂತುಹೋಗಿತ್ತು. ಅಂಗಡಿಯ ಬಾಗಿಲು ಮಧ್ಯಾಹ್ನಕ್ಕೆ ತೆರೆಯುತ್ತಿತ್ತು, ಕೆಲವು ದಿನ ತೆರೆಯುತ್ತಲೇ ಇರಲಿಲ್ಲ. ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಸ್ವಂತ ತಂಗಿಯ ಮಗಳ ಮದುವೆಗೂ ಹೋಗಲಿಲ್ಲ.

ನೂರಜಹಾನ ಮೊದಲು ದೃಷ್ಟಿ ತಾಗಿದೆ ಎಂದು ಮೆಣಸಿನಕಾಯಿ ಸುಟ್ಟಳು. ದರ್ಗಾಕ್ಕೆ ಕರೆದುಕೊಂಡು ಹೋದಳು. ಕಸುವು ಬರಲಿ ಎಂದು ಟಾನಿಕ್ ಕುಡಿಸಿದಳು. ಯಾವುದೂ ನಡೆಯದಿದ್ದಾಗ ಸಿಟ್ಟು ಬಂತು. ಆಗಿನಿಂದ ದಿನಕ್ಕೊಮ್ಮೆಯಾದರೂ ಅವನಿಗೆ ಮೈಗಳ್ಳ ಎನ್ನುತ್ತಿದ್ದಳು. ಆ ಬೆಳಿಗ್ಗೆಯೂ ಹಾಗೆ ಅಂದೇ ತರಬೇತಿಗೆ ಹೊರಟಳು.

ತರಬೇತಿ ನಡೆದದ್ದು ಆರೋಗ್ಯ ಕೇಂದ್ರದ ಮಾಳಿಗೆಯ ಮೇಲೆ. ಅವಳಿ ನಗರದ ಬೇರೆ ಬೇರೆ ಭಾಗದಿಂದ ಹದಿನಾರು ಹೆಂಗಸರು ಬಂದಿದ್ದರು. ಕಲಿಸಲು ನಿಂತವಳು ನರ್ಸ್ ಸುಜಾತಾ. ಧಾರವಾಡದ ಹುಡುಗಿ, ಎಂಟು ವರ್ಷದಿಂದ ಹಳೇ ಹುಬ್ಬಳ್ಳಿಯಲ್ಲೇ ಕೆಲಸ. ಓಣಿಯ ಮಕ್ಕಳಿಗೆಲ್ಲ ಲಸಿಕೆ ಹಾಕಿದವಳು ಅವಳೇ. ನೂರಜಹಾನಳಿಗೂ ಅವಳಿಗೂ ಒಳ್ಳೆಯ ಸಲುಗೆ. ಸಮೀಕ್ಷೆಗೆ ಹೆಸರು ಕೊಡು ಎಂದು ಬೆನ್ನು ಹತ್ತಿದವಳೂ ಅವಳೇ.

ಸುಜಾತಾ ವಿಷಯವನ್ನು ನೇರವಾಗಿ ಹೇಳಿದಳು. ಇದು ಮನಸ್ಸಿನ ಕಾಯಿಲೆಯ ಸಮೀಕ್ಷೆ. ವಾರಗಟ್ಟಲೆ ಮನಸ್ಸು ಕುಗ್ಗಿ ಏನೂ ಬೇಡವಾಗುವುದು ಒಂದು ಬಗೆ, ಅದಕ್ಕೆ ಖಿನ್ನತೆ ಎನ್ನುತ್ತಾರೆ. ಕೆಲವು ದಿನ ಮನಸ್ಸು ಅಳತೆ ಮೀರಿ ಏರಿ, ಆಮೇಲೆ ಪಾತಾಳಕ್ಕೆ ಇಳಿಯುವುದು ಇನ್ನೊಂದು ಬಗೆ. ಇವು ಎಷ್ಟು ಜನಕ್ಕಿವೆ, ಯಾವ ಯಾವ ಕಡೆ ಇವೆ ಎಂದು ನೋಡಬೇಕು. ಎಂಟು ಜಾಗ, ಜಾಗಕ್ಕೆ ಎಂಬತ್ತು ಜನ. ಮನೆಗಳನ್ನು ಚೀಟಿ ಎತ್ತಿ ಆರಿಸಿದ್ದಾರೆ. ಯಾರ ಹೆಸರೂ ಹೊರಗೆ ಬರುವುದಿಲ್ಲ.

ಆಮೇಲೆ ಅವಳು ಹಲಗೆಯ ಮುಂದೆ ನಿಂತು, ಈ ಕಾಯಿಲೆ ಎಲ್ಲಿ ಹೆಚ್ಚು ಇರಬಹುದು, ಊಹೆ ಮಾಡಿ ಎಂದಳು. ಮಾಳಿಗೆಯ ತುಂಬ ಗದ್ದಲವೋ ಗದ್ದಲ. ಒಬ್ಬಳು ಕೋಚಿಂಗ್ ಕ್ಲಾಸಿನ ಕಡೆ ಎಂದಳು. ಇನ್ನೊಬ್ಬಳು ಹೆಂಗಸರಿಗೆ ಮಾತ್ರ ಎಂದಳು. ಮುದುಕರಿಗೆ, ಕುಡುಕರಿಗೆ, ಒಂಟಿ ಇರುವವರಿಗೆ ಎಂದು ಒಬ್ಬೊಬ್ಬರದು ಒಂದೊಂದು. ನೂರಜಹಾನ ಎದ್ದು ನಿಂತೇ ಹೇಳಿದಳು.

“ಇದು ಬಂಗ್ಲೇದವರ ಬ್ಯಾನಿರಿ ಸಿಸ್ಟರ್. ಹೊಟ್ಟಿ ತುಂಬಿ ಕೆಲಸ ಇಲ್ಲದವರಿಗೆ ಬರ್ತೈತಿ. ನಮ್ಮಂಥ ದುಡಿಯೋರ ಓಣ್ಯಾಗ ಎಲ್ಲಿಂದ ಬರಬೇಕು?”

ಸುಜಾತಾ ವಾದಕ್ಕೆ ಇಳಿಯಲಿಲ್ಲ. ಎಲ್ಲರ ಮಾತನ್ನೂ ಹಲಗೆಯ ಮೇಲೆ ಬರೆದಳು. ಮೊದಲು ತಿರುಗಾಡಿ ಬನ್ನಿ, ಆಮೇಲೆ ಮಾತಾಡೋಣ ಎಂದು ನಕ್ಕಳು.

ಕೇಳಬೇಕಾದ ಪ್ರಶ್ನೆ ಒಂಬತ್ತು. ಹದಿನೈದು ದಿನದಿಂದ ಯಾವುದರಲ್ಲೂ ಖುಷಿ ಇಲ್ಲವೇ, ಮನಸ್ಸು ಕುಗ್ಗಿದೆಯೇ, ನಿದ್ದೆ ಕೆಟ್ಟಿದೆಯೇ, ದಣಿವೇ, ಊಟ ಸೇರುತ್ತಿಲ್ಲವೇ, ನಾನು ಯಾತಕ್ಕೂ ಬಾರದವನು ಅನಿಸುತ್ತದೆಯೇ, ಕೆಲಸದ ಮೇಲೆ ಗಮನ ನಿಲ್ಲುತ್ತಿಲ್ಲವೇ, ನಡಿಗೆ ಮಾತು ನಿಧಾನವಾಗಿವೆಯೇ ಅಥವಾ ಕೂತಲ್ಲಿ ಕೂಡಲಾಗದ ಚಡಪಡಿಕೆಯೇ. ಇವು ಎಂಟು. ಒಂಬತ್ತನೆಯದು, ಸತ್ತರೆ ಒಳ್ಳೆಯದು ಎನ್ನುವ ವಿಚಾರ ಬರುತ್ತದೆಯೇ ಎಂಬುದು.

ಕೊನೆಯ ಪ್ರಶ್ನೆ ತನ್ನ ಬಾಯಿಂದ ಬರುವುದಿಲ್ಲ ಎಂದು ನೂರಜಹಾನ ಹಟ ಹಿಡಿದಳು. ಕೇಳಿ ಕೇಳಿ ಇಲ್ಲದವರ ತಲೆಯಲ್ಲೂ ಅದನ್ನು ತುಂಬಿದಂತಾಗುತ್ತದೆ ಎಂದಳು.

“ಕೇಳಿದ್ರ ಹೊಸದಾಗಿ ಬರೂದಿಲ್ಲ ನೂರಜಹಾನಕ್ಕಾ,” ಎಂದಳು ಸುಜಾತಾ. “ಮೊದ್ಲ ಒಳಗ ಇದ್ರ ಹೊರಗ ಬರ್ತೈತಿ. ಹೊರಗ ಬಂದ್ರ ಆ ಜೀವ ಉಳಸೂದಕ್ಕ ನಮಗೊಂದು ದಾರಿ ಸಿಗತೈತಿ.”

ಮರುದಿನದಿಂದ ಇಬ್ಬರೂ ಸುಜಾತಾಳ ಸ್ಕೂಟರ್ ಏರಿದರು. ಮೊದಲ ಸರದಿ ದುರ್ಗದಬೈಲಿನ ಪೇಟೆಯದು. ಸಂಜೆಯ ಗಿರಾಕಿ ಶುರುವಾಗುವ ಮೊದಲೇ ಹೋಗಬೇಕೆಂದು ಬೆಳಿಗ್ಗೆ ಹತ್ತಕ್ಕೇ ಅಲ್ಲಿದ್ದರು. ಚೀಟಿಯಲ್ಲಿ ಬಂದ ಒಂದು ಹೆಸರು ಬಳೆ ಅಂಗಡಿಯ ತಾರಾಬಾಯಿಯದು. ಮಾತಿಗೆ ಮೊದಲೇ ನಗುವ ಹೆಂಗಸು. ಅಂಥ ಕಾಯಿಲೆಗೆ ತನ್ನ ಹತ್ತಿರ ಪುರುಸೊತ್ತೇ ಇಲ್ಲ, ಧಾರವಾಡಕ್ಕೆ ಹೋಗಿರಿ, ಓದಿ ಓದಿ ತಲೆ ಕೆಟ್ಟವರು ಅಲ್ಲಿದ್ದಾರೆ ಎಂದು ಆಕೆ ದಾರಿ ತೋರಿಸಿದಳು. ಆದರೂ ಬಳೆಯ ಡಬ್ಬಿ ಜೋಡಿಸುತ್ತ ಉತ್ತರ ಕೊಡಲು ಒಪ್ಪಿದಳು.

ಮೊದಲ ಪ್ರಶ್ನೆಗೆ ನಗುತ್ತ ಹೌದೆಂದಳು. ಎರಡನೆಯದಕ್ಕೂ ಹೌದು. ನಿದ್ದೆಯ ಪ್ರಶ್ನೆಗೆ ಕೈ ನಿಂತಿತು. ನಾಲ್ಕು, ಐದು, ಆರಕ್ಕೆ ಬರುವಷ್ಟರಲ್ಲಿ ಡಬ್ಬಿ ಕೆಳಗಿಟ್ಟು ಕುರ್ಚಿಯಲ್ಲಿ ಕೂತಳು. ಮುಗಿದ ಮೇಲೆ, “ನಂಗ ಎಷ್ಟ ಮಾರ್ಕ್ ಬಿದ್ವು ತಂಗಿ?” ಎಂದು ಕೇಳಿದಳು. ಡಾಕ್ಟರರಿಗೆ ತೋರಿಸಬೇಕಾದಷ್ಟು ಬಿದ್ದಿದ್ದವು. ಸುಜಾತಾ ಆಸ್ಪತ್ರೆಯ ಚೀಟಿ ಬರೆದು ಕೊಟ್ಟಳು. ತಾರಾಬಾಯಿ ಅದನ್ನು ಎರಡು ಸಲ ಓದಿ ಸೆರಗಿನಲ್ಲಿ ಕಟ್ಟಿಕೊಂಡಳು.

ಹೊರಗೆ ಬಂದು ನೂರಜಹಾನ ಬೆರಗಿನಿಂದ ನಿಂತಳು. ದಿನಾಲೂ ನಗುವ ಮುಖ ಅದು. ಆ ಬೀದಿಯಲ್ಲೇ ಸಂಜೆಯೊಳಗೆ ಇನ್ನಿಬ್ಬರು ಸಿಕ್ಕರು. ಒಬ್ಬ ಚಹಾಪುಡಿ ವ್ಯಾಪಾರಿ, ಇನ್ನೊಬ್ಬಳು ಅಕ್ಕಸಾಲಿಗನ ಮಗಳು.

ಅಲ್ಲಿಂದ ಅವಳಿಗೆ ಕೆಲಸದ ಹುಚ್ಚೇ ಹಿಡಿಯಿತು. ಬೆಳಿಗ್ಗೆ ಸುಜಾತಾ ಬರುವ ಮೊದಲೇ ಚೀಲ ತಗಲಿಸಿಕೊಂಡು ಬಾಗಿಲಲ್ಲಿ ನಿಲ್ಲುವಳು. ಒಂಬತ್ತು ಪ್ರಶ್ನೆಗಳೂ ಬಾಯಿಪಾಠವಾದವು. ಹೋದಲ್ಲೆಲ್ಲ ಜನ ಬೇರೆ ಕಡೆಗೆ ಬೆರಳು ತೋರಿಸುತ್ತಿದ್ದರು. ರೈಲ್ವೆ ಕ್ವಾರ್ಟರ್ಸಿನವರು ಇದು ವ್ಯಾಪಾರಿಗಳ ಕಾಯಿಲೆ ಎಂದರು. ಗಂಡಸರು ಹೆಂಗಸರನ್ನು ತೋರಿಸಿದರು. ಹೆಂಗಸರು ವಯಸ್ಸಾದವರನ್ನು ತೋರಿಸಿದರು. ವಯಸ್ಸಾದವರು ಮೊಬೈಲ್ ಹಿಡಿದ ಹುಡುಗರನ್ನು ತೋರಿಸಿದರು. ಎಲ್ಲ ಕಡೆ ಬೆರಳು ಆಚೆಗೇ, ಎಲ್ಲ ಕಡೆ ಕಾಯಿಲೆ ಒಳಗೇ.

ನಾಲ್ಕನೆಯ ದಿನ ಕಲಘಟಗಿ ರಸ್ತೆಯ ಒಂದು ಹಳ್ಳಿಗೆ ಹೋದರು. ಶೇವಂತೆವ್ವ ಎಂಬ ಅಜ್ಜಿ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದಳು. ಇದು ಪ್ಯಾಟಿ ಮಂದಿಯ ಬ್ಯಾನಿ, ಹೊಲಕ್ಕೆ ಹೋಗಿ ಬಂದವರಿಗೆ ನಿದ್ದೆ ತಾನಾಗೇ ಹತ್ತುತ್ತದೆ ಎಂದಳು. ಆಕೆಯ ಉತ್ತರಗಳೆಲ್ಲ ಇಲ್ಲ, ಇಲ್ಲ, ಇಲ್ಲ. ಎಂಬತ್ತರ ಹತ್ತಿರದ ಆ ಅಜ್ಜಿ ಗಟ್ಟಿಯಾಗಿದ್ದಳು.

ಒಳಗಿನಿಂದ ಕೂಸು ಅಳುವುದು ಕೇಳುತ್ತಿತ್ತು. ಬಹಳ ಹೊತ್ತು ಅತ್ತರೂ ಯಾರೂ ಎತ್ತಿಕೊಳ್ಳಲಿಲ್ಲ. ಸುಜಾತಾ ಒಳಗೆ ಹೋಗಿ ನೋಡಿದಳು. ಎರಡು ತಿಂಗಳ ಬಾಣಂತಿ ಕೂಸಿನ ಪಕ್ಕದಲ್ಲೇ ಕೂತಿದ್ದಳು. ಕಣ್ಣು ತೆರೆದಿತ್ತು, ಕೈ ಏಳುತ್ತಿರಲಿಲ್ಲ. ಅವಳು ಅಜ್ಜಿಯ ಮೊಮ್ಮಗನ ಹೆಂಡತಿ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದ್ದಾರೆ, ಅದೂ ಫಲಿಸಲಿಲ್ಲ, ಮೈಗಳ್ಳತನ ಮಾಡುತ್ತಾಳೆ ಎಂದು ಅಜ್ಜಿ ದೂರಿದಳು.

ಸುಜಾತಾ ಕೂಸನ್ನು ಎತ್ತಿ ಅಜ್ಜಿಯ ತೊಡೆಯ ಮೇಲಿಟ್ಟಳು. ಬಸುರಿ ಬಾಣಂತಿಯರಲ್ಲಿ ಹತ್ತಕ್ಕೊಬ್ಬರಿಗಾದರೂ ಹೀಗೆ ಮನಸ್ಸು ಕುಗ್ಗುತ್ತದೆ, ಹಳ್ಳಿ ಪ್ಯಾಟಿ ಎಂಬ ಭೇದವಿಲ್ಲ, ಇದಕ್ಕೆ ಔಷಧವಿದೆ, ಮಾತಾಡಿಸಿ ಗುಣಪಡಿಸುವವರೂ ಇದ್ದಾರೆ ಎಂದು ತಿಳಿಸಿ ಹೇಳಿದಳು. ಹಾಲುಣಿಸುವ ತಾಯಿಗೆ ಹೊಂದುವ ಗುಳಿಗೆ ಯಾವುದೆಂದು ಡಾಕ್ಟರರಿಗೆ ಗೊತ್ತಿರುತ್ತದೆ ಎಂದೂ ಹೇಳಿದಳು. ಅಜ್ಜಿ ತೊಡೆಯ ಮೇಲಿನ ಕೂಸನ್ನು ತಟ್ಟುತ್ತ ಕೇಳಿದಳು. ಆಮೇಲೆ ಬಾಗಿಲ ಕಡೆ ತಿರುಗಿದಳು.

“ಹಂಗಾರ ಈ ಹುಡುಗಿ ಮೈಗಳ್ಳಿ ಅಲ್ಲೇನಬೆ?”

“ಅಲ್ಲ ಅಜ್ಜಿ. ಆಕಿಗೆ ಆರಾಮಿಲ್ಲ.”

ಶೇವಂತೆವ್ವ ಅಂದೇ ಮಧ್ಯಾಹ್ನ ಬಾಣಂತಿಯನ್ನು ಆಸ್ಪತ್ರೆಗೆ ಕಳಿಸಲು ಮೊಮ್ಮಗನನ್ನು ಹೊಲದಿಂದ ಕರೆಸಿದಳು. ತಾನೂ ಜೊತೆಗೆ ಹೊರಟಳು. ನೂರಜಹಾನ ಮಾತ್ರ ಕಟ್ಟೆಯ ಮೇಲೆ ಕೂತವಳು ಏಳಲಿಲ್ಲ. ಅಜ್ಜಿ ಆಡಿದ ಮೈಗಳ್ಳತನದ ಮಾತು ಗಂಡನ ಮುಂದೆ ಅವಳ ಬಾಯಲ್ಲಿ ಆ ಬೆಳಿಗ್ಗೆಯೂ ಬಂದಿತ್ತು. ಏನಾಯಿತೆಂದು ಸುಜಾತಾ ಕೇಳಿದಳು. ಏನಿಲ್ಲ, ಬಿಸಿಲು ಎಂದಳು.

ಮರುದಿನ ಗುರುವಾರ ಧಾರವಾಡದ ಸಪ್ತಾಪುರ. ಅಲ್ಲಿ ಶಶಿಕುಮಾರ ಎಂಬ ಪ್ರಾಧ್ಯಾಪಕರ ಮನೆ ಚೀಟಿಯಲ್ಲಿತ್ತು. ರಸಾಯನಶಾಸ್ತ್ರ ಕಲಿಸುವವರು, ಕಪಾಟಿನ ತುಂಬ ಪುಸ್ತಕ. ನೂರಜಹಾನ ಪ್ರಶ್ನೆ ಶುರು ಮಾಡುವ ಮೊದಲೇ ಅವರು ಬಾಗಿಲು ಮುಂದೆ ಮಾಡಿ, ತಮ್ಮ ಕಾಯಿಲೆಯ ಹೆಸರನ್ನು ತಾವೇ ಹೇಳಿದರು.

“ನನಗ ಏರೂದೂ ಅದ, ಇಳಿಯೂದೂ ಅದ ಅಕ್ಕಾರ. ಒಂಬತ್ತು ವರ್ಷದಿಂದ ಗುಳಗಿ ತೊಗೋತೀನಿ. ಕಾಲೇಜಿನ್ಯಾಗ ಯಾರಿಗೂ ಗೊತ್ತಿಲ್ಲ.”

ಮೊದಲ ಸಲ ಮನಸ್ಸು ಏರಿದಾಗ ಹತ್ತು ದಿನ ಎರಡೆರಡು ತಾಸು ಮಲಗಿದರಂತೆ. ದಣಿವೇ ಇಲ್ಲ. ಒಂದೇ ವಾರದಲ್ಲಿ ಮೂರು ಪುಸ್ತಕ ಬರೆಯಲು ಕೂತರು, ಯಾರು ಎದುರಾದರೂ ಹಿಡಿದು ನಿಲ್ಲಿಸಿ ಮಾತಾಡಿದರು. ಎಂಥ ಉತ್ಸಾಹ ಎಂದು ಎಲ್ಲರೂ ಹೊಗಳಿದರು. ಮುಂದಿನ ತಿಂಗಳು ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಆಗ ಅದೇ ಜನ ಸೋಮಾರಿ ಎಂದರು. ಖಿನ್ನತೆಗಿಂತ ಇದು ಅಪರೂಪ, ಆದರೆ ಇದೂ ಎಲ್ಲ ಥರದ ಜನರಲ್ಲೂ ಇದೆ, ಇದರ ಔಷಧವೇ ಬೇರೆ, ಡಾಕ್ಟರನ್ನು ಕೇಳದೆ ಗುಳಿಗೆ ಬಿಡಬಾರದು ಎಂದು ತಮ್ಮ ತರಗತಿಯಲ್ಲಿ ಹೇಳುವಂತೆ ವಿವರಿಸಿದರು. ಗುಳಿಗೆ ಶುರುವಾದ ಈ ಒಂಬತ್ತು ವರ್ಷದಲ್ಲಿ ಒಂದು ದಿನವೂ ಪಾಠ ತಪ್ಪಿಸಿಲ್ಲವೆಂದು ಹೇಳುವಾಗ ಅವರ ಮುಖ ಅರಳಿತು.

ನೂರಜಹಾನ ಬರೆಯುವುದನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದಳು. ಅದು ಕಾಗದದಲ್ಲಿ ಇರಲಿಲ್ಲ.

“ಸರ್, ಇದು ಖರೇನ ಆರಾಮ ಆಕ್ಕೈತೇನ್ರಿ?”

“ನಿಮ್ಮ ಮುಂದ ಕೂತೀನಲ್ಲ,” ಎಂದರು ಅವರು.

ಮರುದಿನ ಶುಕ್ರವಾರ, ಸಮೀಕ್ಷೆಗೆ ರಜೆ. ಉಜ್ಮಾ ಕಾಲೇಜಿಗೆ ಹೋಗಿದ್ದಳು. ಓಣಿಯ ಗಂಡಸರೆಲ್ಲ ಜುಮ್ಮಾ ನಮಾಜಿಗೆ ಹೊರಟರು. ಬಾಬುಸಾಬ ಹೊರಡಲಿಲ್ಲ. ಅದೇ ಅರ್ಧ ತುಂಬಿದ ಗಾದಿಯ ಮೇಲೆ ಕೂತು ನೆಲ ನೋಡುತ್ತಿದ್ದ. ನೂರಜಹಾನ ಅಂಗಡಿಗೆ ಬಂದು ಅವನ ಪಕ್ಕದಲ್ಲಿ ಕೂತಳು. ಕೈಯಲ್ಲಿ ಕಾಗದವಿರಲಿಲ್ಲ.

ಐದು ದಿನದಲ್ಲಿ ಎಷ್ಟೋ ಅಪರಿಚಿತರನ್ನು ಕೇಳಿದ್ದಾಳೆ. ಇವನನ್ನು ಮಾತ್ರ ಕೇಳಿರಲಿಲ್ಲ. ಮೊದಲ ಪ್ರಶ್ನೆ ಕೇಳಿದಳು. ಬಾಬುಸಾಬ ಅವಳ ಮುಖ ನೋಡಿದ. ಬೈಯಲು ಬಂದವಳಲ್ಲ ಎಂದು ಗೊತ್ತಾಗಿರಬೇಕು. ಹೌದು ಎಂದ. ಎರಡನೆಯದಕ್ಕೂ ಹೌದು ಎಂದ. ನಿದ್ದೆಗೆ, ದಣಿವಿಗೆ, ಊಟಕ್ಕೆ ಹೌದೆಂದು ತಲೆಯಾಡಿಸಿದ. ಯಾತಕ್ಕೂ ಬಾರದವನು ಅನಿಸುತ್ತದೆಯೇ ಎಂದಾಗ, ನೀನೇ ದಿನಾ ಹೇಳುತ್ತೀಯಲ್ಲ ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನೂರಜಹಾನ ಅವನ ಹತ್ತಿರ ಸರಿದು ಮುಂದಿನ ಎರಡು ಕೇಳಿದಳು. ಒಂಬತ್ತನೆಯದು ಉಳಿಯಿತು.

ಅವಳು ಅವನ ಕೈ ಹಿಡಿದಳು. ತರಬೇತಿಯಲ್ಲಿ ಕಲಿಸಿದಂತೆ ಸುತ್ತು ಬಳಸದೆ ಕೇಳಿದಳು.

“ಜೀವ ಬ್ಯಾಡ ಅನ್ನೋ ವಿಚಾರ ಬಂದೈತೇನ್ರಿ?”

ಬಾಬುಸಾಬ ಗಾದಿಯಿಂದ ಹೊರಬಂದ ಹತ್ತಿಯ ಎಳೆಯೊಂದನ್ನು ಹಿಡಿದು ಜಗ್ಗಿದ.

“ಬಂದೈತಿ. ಮೂರ್ನಾಕ ಸಲ ಬಂದೈತಿ,” ಎಂದ. ಆಮೇಲೆ, “ಇಷ್ಟ ದಿನ ಯಾರೂ ಕೇಳಲಿಲ್ಲ ನೋಡ ನೂರಾ,” ಎಂದ.

ನೂರಜಹಾನ ಅವನ ಕೈ ಬಿಡಲಿಲ್ಲ. ಮತ್ತೊಂದು ಕೈಯಿಂದ ಸುಜಾತಾಳಿಗೆ ಫೋನ್ ಮಾಡಿದಳು. ಅವನೊಬ್ಬನನ್ನೇ ಬಿಡಬೇಡ, ತಾನು ಬರುವತನಕ ಮನಸ್ಸಿನ ಕಾಯಿಲೆಯ ಸಹಾಯವಾಣಿ 14416ಕ್ಕೆ ಫೋನ್ ಹಚ್ಚು ಎಂದಳು ಸುಜಾತಾ. ಹಚ್ಚಿದಳು. ಆ ಕಡೆಯಿಂದ ಒಬ್ಬ ಹೆಣ್ಣುಮಗಳು ಕನ್ನಡದಲ್ಲೇ ಮಾತಾಡಿದಳು. ಅವಸರ ಮಾಡಲಿಲ್ಲ, ಉಪದೇಶ ಮಾಡಲಿಲ್ಲ. ಬಾಬುಸಾಬ ಮೊದಲು ಹಾಂ ಹೂಂ ಎನ್ನುತ್ತಿದ್ದವನು ಇಪ್ಪತ್ತು ನಿಮಿಷ ತಾನೇ ಮಾತಾಡಿದ. ನಾಲ್ಕು ತಿಂಗಳಲ್ಲಿ ಅವನು ಅಷ್ಟು ಮಾತಾಡಿದ್ದನ್ನು ನೂರಜಹಾನ ಕೇಳಿರಲಿಲ್ಲ. ಇವತ್ತೇ ಡಾಕ್ಟರನ್ನು ಕಾಣಿರಿ ಎಂದು ಆ ಹೆಣ್ಣುಮಗಳು ಕೊನೆಗೆ ಹೇಳಿದಳು.

ಆಸ್ಪತ್ರೆ ಎಂದ ಕೂಡಲೇ ಅವನು ಹಿಂದೆ ಸರಿದ. ತನಗೆ ಹುಚ್ಚು ಹಿಡಿದಿಲ್ಲ, ಮಗಳ ಮದುವೆ ಆಗಬೇಕು, ನಾಳೆ ಓಣಿಯಲ್ಲಿ ತಲೆ ಎತ್ತುವುದು ಹೇಗೆ ಎಂದ. ಇಂಥದ್ದು ತನಗೊಬ್ಬನಿಗೇ ಬಂದಿದೆ, ಎಲ್ಲೋ ಏನೋ ಪಾಪ ಮಾಡಿರಬೇಕು ಎಂದ. ಅಷ್ಟರಲ್ಲಿ ಬಂದ ಸುಜಾತಾ ಅವನೊಡನೆ ವಾದ ಮಾಡಲಿಲ್ಲ. ಸುಮ್ಮನೆ ಜೊತೆಗೆ ಬನ್ನಿ, ಬೇಡ ಅನಿಸಿದರೆ ಬಾಗಿಲಿನಿಂದಲೇ ತಿರುಗಿ ಬರೋಣ ಎಂದಳು. ಮೂವರೂ ಧಾರವಾಡದ ಮಾನಸಿಕ ಆಸ್ಪತ್ರೆಗೆಂದು ಚಿಗರಿ ಬಸ್ ಹತ್ತಿದರು.

ಬಸ್ಸು ತುಂಬಿತ್ತು. ಕೂತವರು, ನಿಂತವರು, ಕಾಲೇಜು ಮುಗಿಸಿದವರು, ಪೇಟೆಗೆ ಹೊರಟವರು. ಸುಜಾತಾ ಅವನ ಕಡೆ ಬಾಗಿ ಮೆಲ್ಲಗೆ ಹೇಳಿದಳು.

“ಬಾಬುಸಾಬಣ್ಣಾ, ನಮ್ಮ ದೇಶದಾಗ ಇಪ್ಪತ್ತು ಮಂದಿ ದೊಡ್ಡವರನ್ನ ಹಿಡದ್ರ ಒಬ್ಬರಿಗೆ ಜೀವನದಾಗ ಒಮ್ಮೆರೆ ಈ ಖಿನ್ನತೆ ಬಂದಿರ್ತೈತಿ. ಹೆಂಗಸರಿಗೆ ಸ್ವಲ್ಪ ಹೆಚ್ಚು, ಗಂಡಸರಿಗೆ ಸ್ವಲ್ಪ ಕಡಿಮಿ. ಜಾತಿ ಕೇಳೂದಿಲ್ಲ, ಸಾಲಿ ಎಷ್ಟ ಕಲಿತೀರಿ ಅಂತ ಕೇಳೂದಿಲ್ಲ. ಪಾಪಕ್ಕೂ ಇದಕ್ಕೂ ಸಂಬಂಧ ಇಲ್ಲ.”

ನವನಗರ ದಾಟುವಾಗ ಬಾಬುಸಾಬ ತಲೆ ಎತ್ತಿ ಬಸ್ಸಿನಲ್ಲಿದ್ದವರನ್ನು ಒಬ್ಬೊಬ್ಬರಾಗಿ ನೋಡುತ್ತಿದ್ದದ್ದನ್ನು ನೂರಜಹಾನ ಕಂಡಳು. ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದ.

“ಅರವತ್ತು ಮಂದಿ ಅದಾರ,” ಎಂದ ಕೊನೆಗೆ. “ಅಂದ್ರ ಮೂರು ಮಂದಿ. ಒಬ್ಬಾಂವ ನಾನು. ಉಳದ ಇಬ್ಬರು ಯಾರಿರಬಹುದು?”

ನೂರಜಹಾನಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಮೂವರೂ ಸೇರಿ ಆ ಇಬ್ಬರನ್ನು ಹುಡುಕತೊಡಗಿದರು. ಕನ್ನಡಕದ ಮೇಷ್ಟರೋ, ಬುತ್ತಿ ಹಿಡಿದ ಹೆಣ್ಣುಮಗಳೋ, ಕಿವಿಗೆ ಫೋನ್ ಹಚ್ಚಿ ಜೋರಾಗಿ ನಗುತ್ತಿದ್ದ ಯುವಕನೋ. ಯಾರ ಮುಖದ ಮೇಲೂ ಬರೆದಿರಲಿಲ್ಲ. ಬಾಬುಸಾಬನ ಮುಖದ ಮೇಲೂ ಇಲ್ಲ. ಆಸ್ಪತ್ರೆಯ ಬಾಗಿಲಿಗೆ ಬಂದಾಗ ಅವನು ತಿರುಗಿ ಹೋಗುವ ಮಾತೆತ್ತಲಿಲ್ಲ.

ಒಳಗೆ ಸಾಲು ಉದ್ದವಿತ್ತು. ಇಸ್ತ್ರಿ ಮಾಡಿದ ಅಂಗಿಯವರು, ಗಾಂಧಿ ಟೋಪಿಯವರು, ಬುರ್ಖಾದವರು, ಖಾಕಿಯವರೊಬ್ಬರು. ಜಗತ್ತೇ ಬಂದು ಕೂತಂತಿತ್ತು. ಡಾಕ್ಟರ್ ಮಾಯಾ ಅವನ ಮಾತನ್ನು ಪೂರ್ತಿ ಕೇಳಿದರು. ಖಿನ್ನತೆ ಎಂದರು. ಮೆದುಳಿನಲ್ಲಿ, ಬಾಳಿನಲ್ಲಿ, ರಕ್ತಸಂಬಂಧದಲ್ಲಿ ಹಲವು ಕಾರಣ ಕೂಡಿ ಬರುತ್ತದೆ, ಮನುಷ್ಯನ ತಪ್ಪಲ್ಲ ಎಂದರು. ಗುಳಿಗೆ ಬರೆದರು. ವಾರಕ್ಕೊಮ್ಮೆ ಮಾತಾಡಲು ಆಪ್ತಸಮಾಲೋಚಕರ ಹತ್ತಿರ ಹೆಸರು ಹಚ್ಚಿದರು. ಎರಡು ಮೂರು ವಾರ ಏನೂ ಬದಲು ಕಾಣದಿರಬಹುದು, ಅಲ್ಲಿಗೇ ಕೈ ಬಿಡಬೇಡಿ, ಆರಾಮಾದ ಮೇಲೂ ನಾವು ಹೇಳುವತನಕ ನಿಲ್ಲಿಸಬೇಡಿ ಎಂದು ಎರಡೆರಡು ಸಲ ಹೇಳಿದರು. ಮನಸ್ಸು ತಿಳಿಯಾಗುವವರೆಗೆ ಅವನನ್ನು ಒಂಟಿಯಾಗಿ ಬಿಡಬಾರದೆಂದು ನೂರಜಹಾನಳಿಗೂ ಹೇಳಿದರು.

ಡಾಕ್ಟರ್ ಹೇಳಿದ ಹಾಗೇ ಆಯಿತು. ಹತ್ತು ದಿನ ಏನೂ ಬದಲಾಗಲಿಲ್ಲ. ಹದಿಮೂರನೆಯ ದಿನ ಬಾಬುಸಾಬ ಗುಳಿಗೆ ಬೇಡವೆಂದ. ನೂರಜಹಾನ ಬೈಯಲಿಲ್ಲ, ಡಾಕ್ಟರ್ ಹೇಳಿದ್ದನ್ನು ನೆನಪಿಸಿ ಗುಳಿಗೆ ನುಂಗಿಸಿದಳು. ಮೈಗಳ್ಳ ಎಂಬ ಮಾತು ಆ ಶುಕ್ರವಾರದಿಂದ ಅವಳ ಬಾಯಿಂದ ಬಂದಿರಲೇ ಇಲ್ಲ. ಉಜ್ಮಾ ಸಂಜೆ ಸಂಜೆ ಅಬ್ಬಾನನ್ನು ಬಸ್ಸಿನಲ್ಲಿ ಉಣಕಲ್ ಕೆರೆಗೆ ಕರೆದೊಯ್ದು ದಂಡೆಯ ಮೇಲೆ ನಡೆಸುತ್ತಿದ್ದಳು. ಮೊದಲು ಕಾಲು ಎಳೆಯುತ್ತಿದ್ದವನು ಮೂರನೆಯ ವಾರ ಒಂದು ದಿನ ಗಿರಮಿಟ್ ತಿನ್ನೋಣ ಎಂದನಂತೆ. ಉಜ್ಮಾ ಮನೆಗೆ ಬಂದು ಅದನ್ನು ದೊಡ್ಡ ಸುದ್ದಿಯಂತೆ ಹೇಳಿದಳು. ಅದು ದೊಡ್ಡ ಸುದ್ದಿಯೇ ಆಗಿತ್ತು.

ಆರನೆಯ ವಾರ, ಬೆಳಿಗ್ಗೆ ಎಂಟು ಗಂಟೆ. ನೂರಜಹಾನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಂಗಡಿಯಿಂದ ಹತ್ತಿ ಹಿಂಜುವ ಯಂತ್ರದ ಸದ್ದು ಬಂತು. ಅವಳು ಹಿಟ್ಟಿನ ಕೈಯಲ್ಲೇ ಓಡಿದಳು. ಬಾಬುಸಾಬ ಹತ್ತಿಯ ನಡುವೆ ನಿಂತಿದ್ದ. ಮೂಗಿನ ಮೇಲೆಲ್ಲ ಬಿಳಿ. ರೊಟ್ಟಿ ಸುಟ್ಟ ವಾಸನೆ ಬರುತ್ತಿದೆ, ಒಳಗೆ ಹೋಗು ಎಂದು ಗದರಿಸಿದ. ಎದುರುಮನೆಯವರೂ ಬಂದು ನೋಡಿದರು. ಆ ದಿನ ಸುಟ್ಟ ರೊಟ್ಟಿಯನ್ನೇ ಎಲ್ಲರೂ ನಗುತ್ತ ತಿಂದರು.

ಅದರ ಮುಂದಿನ ಭಾನುವಾರ ಸಮೀಕ್ಷೆಯ ಫಲಿತಾಂಶ ಹೇಳುವ ಸಭೆ. ಎಂಟೂ ಕಡೆಯ ಜನ ಸಮುದಾಯ ಭವನದಲ್ಲಿ ಸೇರಿದ್ದರು. ತಾರಾಬಾಯಿ ಅಂಗಡಿ ಮುಚ್ಚಿ ಬಂದಿದ್ದಳು. ಶೇವಂತೆವ್ವ ಬಾಣಂತಿಯನ್ನೂ ಕೂಸನ್ನೂ ಕರೆದುಕೊಂಡು ಬಂದಿದ್ದಳು, ಕೂಸು ತಾಯಿಯ ಎದೆಗೆ ಅಂಟಿಕೊಂಡಿತ್ತು. ಪ್ರಾಧ್ಯಾಪಕ ಶಶಿಕುಮಾರ ಹಿಂದಿನ ಸಾಲಿನಲ್ಲಿದ್ದರು. ಬಾಬುಸಾಬನೂ ಬಂದು ಗಂಡಸರ ಕಡೆ ಕೂತ.

ಸುಜಾತಾ ಹಲಗೆಯ ಮೇಲೆ ದೊಡ್ಡದಾಗಿ ಬರೆದಳು. ಮಾತಾಡಿಸಿದ್ದು ಆರುನೂರಾ ನಲವತ್ತು ಜನರನ್ನು. ಡಾಕ್ಟರರು ಪರೀಕ್ಷೆ ಮಾಡಿ ಕಾಯಿಲೆ ಹೌದೆಂದದ್ದು ಮೂವತ್ತೊಂಬತ್ತು ಜನರಿಗೆ. ಅವರಲ್ಲಿ ಹೆಂಗಸರು ಇಪ್ಪತ್ಮೂರು, ಗಂಡಸರು ಹದಿನಾರು. ಬಂಗಲೆಯ ಬಡಾವಣೆಯಲ್ಲಿ ಐದು, ದುರ್ಗದಬೈಲಿನಲ್ಲಿ ಆರು, ಹಳ್ಳಿಯಲ್ಲಿ ನಾಲ್ಕು. ಸೊನ್ನೆ ಬಂದ ಜಾಗ ಒಂದೂ ಇಲ್ಲ. ಮೂವತ್ತೊಂಬತ್ತರಲ್ಲಿ ಮೊದಲೇ ಔಷಧ ತೆಗೆದುಕೊಳ್ಳುತ್ತಿದ್ದವರು ಐದೇ ಜನ. ಊಹೆ ಮಾಡಿದ್ದ ಹದಿನಾರು ಹೆಂಗಸರಲ್ಲಿ ಗೆದ್ದವರು ಯಾರೂ ಇಲ್ಲ ಎಂದಾಗ ಎಲ್ಲರೂ ನಕ್ಕರು, ನೂರಜಹಾನ ಎಲ್ಲರಿಗಿಂತ ಜೋರಾಗಿ ನಕ್ಕಳು.

ಯಾರಾದರೂ ಏನಾದರೂ ಕೇಳುವುದಿದೆಯೇ ಎಂದು ಸುಜಾತಾ ಮೈಕು ಎತ್ತಿ ಹಿಡಿದಳು. ಗಂಡಸರ ಕಡೆಯಿಂದ ಬಾಬುಸಾಬ ಎದ್ದು ನಿಂತ. ನೂರಜಹಾನ ಕೂತಲ್ಲೇ ತಿರುಗಿ ನೋಡಿದಳು. ಅವನು ಹೀಗೆ ಮಾಡುತ್ತೇನೆಂದು ಮನೆಯಲ್ಲಿ ಹೇಳಿರಲಿಲ್ಲ.

“ನಾ ಬಾಬುಸಾಬ ನದಾಫ. ಗಾದಿ ಮಾಡಾಂವ,” ಎಂದ. “ನಮ್ಮ ಮನಿ ಚೀಟ್ಯಾಗ ಬಂದಿದ್ದಿಲ್ಲ. ಹಿಂಗಾಗಿ ನಿಮ್ಮ ಮೂವತ್ತೊಂಬತ್ತರಾಗ ನಾ ಇಲ್ಲ. ಆದ್ರ ನಂಗೂ ಇದ ಬ್ಯಾನಿ ಐತಿ. ಔಷಧ ತೊಗೊಳ್ಳಾಕತ್ತೇನಿ, ಆರಾಮ ಆಗಾಕತ್ತೈತಿ. ನಿಮ್ಮ ಲೆಕ್ಕಕ್ಕ ಒಂದು ಕೂಡಿಸ್ಕೊಳ್ರಿ.”

ಸುಜಾತಾ ಮೂವತ್ತೊಂಬತ್ತನ್ನು ಒರೆಸಿ ನಲವತ್ತು ಎಂದು ಬರೆದಳು. ಯಾರೋ ಚಪ್ಪಾಳೆ ಶುರು ಮಾಡಿದರು. ಅದು ಮುಗಿಯುವ ಮೊದಲೇ ಹೆಂಗಸರ ಕಡೆಯಿಂದ ಒಂದು ಸಣ್ಣ ದನಿ ಬಂತು.

“ಅಕ್ಕಾರ, ನಮ್ಮ ಮನೀನೂ ಚೀಟ್ಯಾಗ ಬಂದಿಲ್ರಿ.”

ನಲವತ್ತೊಂದು. ಆಮೇಲೆ ಮೂಲೆಯಿಂದ ರಿಟೈರಾದ ಪೊಲೀಸರೊಬ್ಬರು ಎದ್ದರು. ಆಮೇಲೆ ಒಬ್ಬ ಕಾಲೇಜು ಹುಡುಗಿ, ಅವಳ ಕೈ ಹಿಡಿದುಕೊಂಡು ಅವಳ ತಾಯಿ. ಸುಜಾತಾ ಒರೆಸಿ ಬರೆದಳು, ಒರೆಸಿ ಬರೆದಳು. ಸಭೆ ಮುಗಿಯುವಾಗ ಹಲಗೆಯ ಮೇಲೆ ನಲವತ್ತೇಳು ಇತ್ತು. ಎದ್ದು ನಿಂತವರ ಸುತ್ತ ಜನ ಸೇರಿ ಎಲ್ಲಿಗೆ ಹೋದಿರಿ, ಯಾವ ಡಾಕ್ಟರು, ಎಷ್ಟು ದಿನ ಬೇಕಾಯಿತು ಎಂದು ಕೇಳುತ್ತಿದ್ದರು. ನೂರಜಹಾನ ಆ ಗುಂಪಿನ ನಡುವೆ ದಾರಿ ಮಾಡಿಕೊಂಡು ಹೋಗಿ, ಎಲ್ಲರ ಮುಂದೆ ಗಂಡನ ಕೈ ಹಿಡಿದು ನಿಂತಳು.

ಈ ಕಥೆಯನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಸಂಘದಲ್ಲಿ ಇಪ್ಪತ್ತು ಜನ ಕೂತಿದ್ದರೆ ಒಮ್ಮೆ ಸುತ್ತಲೂ ನೋಡಿ. ಮುಖ ನೋಡಿದರೆ ಗೊತ್ತಾಗುವುದಿಲ್ಲ, ಕೇಳಿದರೆ ಗೊತ್ತಾಗುತ್ತದೆ. ನಿಮ್ಮ ಮನೆಯಲ್ಲಿ ಯಾರಾದರೂ ಎರಡು ವಾರಕ್ಕಿಂತ ಹೆಚ್ಚು ದಿನ ಕುಗ್ಗಿ ಕೂತಿದ್ದರೆ, ಅಥವಾ ನಿದ್ದೆಯೇ ಬೇಡವೆಂಬಂತೆ ಅಳತೆ ಮೀರಿ ಏರಿ ಕುಣಿಯುತ್ತಿದ್ದರೆ, ಹೆಸರಿಟ್ಟು ಬೈಯುವ ಮೊದಲು ಪಕ್ಕದಲ್ಲಿ ಕೂತು ಕೇಳಿ. ಸಾಯುವ ಮಾತನ್ನೂ ಅಂಜದೆ ಕೇಳಿ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416. ಹಗಲು ರಾತ್ರಿ ಯಾವಾಗ ಮಾಡಿದರೂ ಎತ್ತುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ, ಶುಲ್ಕವಿಲ್ಲ. ಆ ಕುಗ್ಗಿದ ಮನಸ್ಸು ನಿಮ್ಮದೇ ಆಗಿದ್ದರೆ, ಫೋನ್ ನಿಮ್ಮ ಕೈಯಲ್ಲೇ ಇದೆ. ಇವತ್ತೇ ಹಚ್ಚಿ.